ಮೈಕ್ ಮಾವನ ‘ಅಂದ್ರೆ’ ಪಾಠ

ನನ್ನ ತಾಯಿಯ ಅಣ್ಣನನ್ನು ಊರೆಲ್ಲ ಮೈಕ್ ಮಾವ ಎಂದೇ ಕರೆಯುತ್ತಿತ್ತು. ಧ್ವನಿವರ್ಧಕಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಅವನದು. ವರ್ಷಗಟ್ಟಲೆ ವೇದಿಕೆಯ ಪಕ್ಕ ಆಂಪ್ಲಿಫೈಯರ್ ಮುಂದೆ ಕೂತು ಪುಢಾರಿಗಳ ಭಾಷಣ ಕೇಳಿ ಕೇಳಿ ಅವನಿಗೆ ಒಂದು ವಿಷಯ ಖಾತ್ರಿಯಾಗಿತ್ತು. ಕೆಲಸ ಮಾಡಿದವನು ‘ಅಂದ್ರೆ... ಆಂ... ಏನಪ್ಪಾ ಅಂದ್ರೆ’ ಎಂದು ಎಳೆದರೆ ಹಿಂದಿನ ಸಾಲಿನವರು ಎದ್ದು ಹೋಗುತ್ತಾರೆ. ಒಂದು ಕಡ್ಡಿಯನ್ನೂ ಅತ್ತಿತ್ತ ಮಾಡದವನು ಒಂದೇ ಉಸಿರಿಗೆ ಬೊಗಳೆ ಬಿಟ್ಟರೆ ಚಪ್ಪಾಳೆ. ಇದು ಅನ್ಯಾಯ ಎಂದು ನಾನು ಹಾರಾಡುತ್ತಿದ್ದೆ.

“ಅನ್ಯಾಯಾನೇ ಕಣೇ. ಅದಕ್ಕೇ ಅಲ್ವಾ ಪಾಠ ಹೇಳ್ಕೊಡೋದು?” ಎನ್ನುತ್ತಿದ್ದ ಮಾವ.

ಪಾಠ ನಡೆಯುತ್ತಿದ್ದುದು ಅಂಗಡಿಯ ಹಿಂದಿನ ಕೋಣೆಯಲ್ಲಿ, ಸುತ್ತಿಟ್ಟ ವೈರುಗಳ ನಡುವೆ. ಚುನಾವಣೆಗೆ ನಿಂತವರು ಮೈಕ್ ಹಿಡಿದು ಮಾತಾಡಬೇಕು. ‘ಅಂದ್ರೆ’ ಎಂದ ತಕ್ಷಣ ಮಾವ ಸ್ವಿಚ್ ಆರಿಸುತ್ತಿದ್ದ. ತನ್ನ ಧ್ವನಿ ಅರ್ಧಕ್ಕೇ ಸತ್ತಾಗ ಎಂಥ ಜಂಬದ ಮನುಷ್ಯನೂ ಪೆಚ್ಚಾಗುತ್ತಿದ್ದ.

“ಮಾತು ಸಿಗ್ಲಿಲ್ವಾ, ಬಾಯಿ ಮುಚ್ಕೊಂಡು ನಿಂತ್ಕೊಳ್ಳಿ ಸ್ವಾಮಿ. ಆಂ, ಊಂ ಅಂದ್ರೆ ಇವ್ನಿಗೇನೂ ಗೊತ್ತಿಲ್ಲ ಅಂತಾರೆ. ಸುಮ್ನಿದ್ರೆ ಯೋಚ್ನೆ ಮಾಡ್ತಿದಾರೆ ಅಂತಾರೆ.”

ನಗರಸಭೆಗೆ ನಿಂತು ಒಮ್ಮೆ ಸೋತಿದ್ದ ನಿವೃತ್ತ ನರ್ಸಮ್ಮ ಹೀಗೇ ಕಲಿತವರು. ಮರುಬಾರಿ ಅದೇ ಚರಂಡಿ, ಅದೇ ನಲ್ಲಿ ನೀರಿನ ಭಾಷಣ ಮಾಡಿದರು. ಒಂದು ಮಾತೂ ಹೊಸದಲ್ಲ, ‘ಅಂದ್ರೆ’ ಮಾತ್ರ ಮಾಯ. ಹಿಂದೆ ಆಡಿಕೊಂಡು ನಕ್ಕ ಜನರೇ ಈಗ “ಎಷ್ಟು ತಿಳ್ಕೊಂಡಿದಾರಪ್ಪಾ!” ಎಂದು ತಲೆದೂಗಿದರು. ನರ್ಸಮ್ಮ ಗೆದ್ದರು.

ಮನೆಯಲ್ಲೂ ಅದೇ ಕಾನೂನು. ಮಾವ ಮಾತಿನ ನಡುವೆ ಸುಮ್ಮನಾದರೆ ಯಾರೂ ಬಾಯಿ ಹಾಕುವಂತಿಲ್ಲ, ಹಾಕಿದರೆ ಸಿಡುಕು. ಮದುವೆಯಾದ ಹೊಸತರಲ್ಲಿ ಬೈಸಿಕೊಂಡ ಅತ್ತೆ ಆಮೇಲೆ ಕಾಯುವುದನ್ನು ರೂಢಿ ಮಾಡಿಕೊಂಡಿದ್ದಳು.

ಒಂದು ಮಧ್ಯಾಹ್ನ ಚಹಾ ಕುಡಿಯುತ್ತಾ ಮಾವ ಏನೋ ಹೇಳಲು ಶುರು ಮಾಡಿ ನಡುವೆಯೇ ಮಾತು ನಿಲ್ಲಿಸಿದ. ಅತ್ತೆ ಕಾದಳು. ಒಣಗಿದ ಬಟ್ಟೆ ತಂದು ಮಡಿಸಿದಳು. ಚಹಾ ಆರಿತು. ಅಷ್ಟರಲ್ಲಿ ಗೆದ್ದ ಖುಷಿಗೆ ಹಣ್ಣು ಹಿಡಿದು ನರ್ಸಮ್ಮ ಬಂದರು.

“ಯೋಚ್ನೆ ಮಾಡ್ತಿದಾರೆ, ಕೂತ್ಕೊಳ್ಳಿ,” ಎಂದಳು ಅತ್ತೆ.

ನರ್ಸಮ್ಮ ಮಾವನ ಮುಖ ನೋಡಿದವರೇ ಹಣ್ಣಿನ ಚೀಲ ಕೆಳಗಿಟ್ಟರು. “ಎಷ್ಟೊತ್ತಿಂದ ಹೀಗಿದಾರೆ? ಗಾಡಿ ಕರೆಸಿ, ಬೇಗ!”

ಪಾರ್ಶ್ವವಾಯು. ಜೀವ ಉಳಿಯಿತು. ಬಲಗೈ ಹೋಯಿತು, ಮಾತು ಹೆಚ್ಚುಕಡಿಮೆ ಹೋಯಿತು. ಸ್ವಲ್ಪ ಮುಂಚೆ ತಂದಿದ್ದರೆ ಚೆನ್ನಾಗಿತ್ತು ಎಂದು ಡಾಕ್ಟರು ಕಾಗದ ನೋಡುತ್ತಲೇ ಅಂದುಬಿಟ್ಟರು. ಆ ಮನುಷ್ಯನ ಮೇಲೆ ನನಗೆ ಇನ್ನೂ ಸಿಟ್ಟಿದೆ. ಆ ಮಾತು ಅತ್ತೆಯ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಪ್ರಯತ್ನಪಟ್ಟರೆ ಮಾತು ಬಂದೀತು, ಸದ್ದಾದರೂ ಮಾಡಲಿ ಎಂದು ಹೇಳಿ ಆಸ್ಪತ್ರೆಯವರು ಮನೆಗೆ ಕಳಿಸಿದ್ದರು. ಮಾವ ಬಾಯಿ ಬಿಡಲಿಲ್ಲ. ತೊದಲುವುದಕ್ಕಿಂತ ಸುಮ್ಮನಿರುವುದೇ ಮೇಲೆಂದು ಊರಿಗೆಲ್ಲ ಕಲಿಸಿದವನು ಈಗ ಹೇಗೆ ತೊದಲಿಯಾನು? ಕಿಟಕಿಯ ಪಕ್ಕ ತುಟಿ ಬಿಗಿದು ಕೂತಿರುತ್ತಿದ್ದ. ಅತ್ತೆಗೆ ಅವನ ಒಂದೊಂದು ಮೌನವೂ ಆ ಮಧ್ಯಾಹ್ನವೇ. ಒಲೆಯ ಮೇಲಿದ್ದುದನ್ನು ಬಿಟ್ಟು ಓಡಿ ಬಂದು ಮುಖ ನೋಡುವಳು, ಮತ್ತೆ ಹೋಗುವಳು. ಅವಳು ಸೊರಗುತ್ತಿದ್ದುದನ್ನು ನೋಡಲಾಗುತ್ತಿರಲಿಲ್ಲ.

ನಾನು ಹೋಗಿದ್ದ ದಿನ ಅವಳ ದುಃಖದ ಕಟ್ಟೆಯೊಡೆಯಿತು. ಅವನ ಮುಂದೆ ನೆಲದ ಮೇಲೆ ಕುಸಿದು ಕೂತಳು.

“ರೀ, ಇಷ್ಟು ವರ್ಷ ನೀವು ಹೇಳಿದ್ದಕ್ಕೆ ಕಾದೆ. ಕಾದಿದ್ದಕ್ಕೇ ನಿಮ್ಗೆ ಹೀಗಾಯ್ತು. ಇನ್ನು ನನ್ ಕೈಲಾಗಲ್ಲ. ಮಾತು ಬರ್ದಿದ್ರೆ ಬೇಡ, ಆಂ ಅನ್ನಿ, ಊಂ ಅನ್ನಿ. ಇದೀರಾ ಅಂತ ನಂಗೆ ಗೊತ್ತಾಗ್ಬೇಕು ಕಣ್ರೀ!”

ಮಾವ ಅವಳನ್ನೇ ನೋಡಿದ. ತುಟಿ ಒಂದು ಪಕ್ಕಕ್ಕೆ ಸೊಟ್ಟಗಾಯಿತು. ಮುಖ ಕೆಂಪೇರಿತು.

“ಅಂ... ಅಂದ್...ರೆ,” ಎಂದ. “ಅಂದ್ರೆ... ಅಂದ್ರೆ...”

ಮುಂದಿನ ಮಾತು ಸಿಗಲಿಲ್ಲ. ಅತ್ತೆ ಸೆರಗಿನಿಂದ ಅವನ ಬಾಯಿ ಒರೆಸಿದಳು. ಅವನು ನಿಲ್ಲಿಸಲಿಲ್ಲ, ಅವಳೂ ಏಳಲಿಲ್ಲ. ಒಂದೊಂದು ‘ಅಂದ್ರೆ’ಗೂ ಅಳುತ್ತಲೇ ಹೂಂಗುಟ್ಟುತ್ತಾ ಕೂತಳು.