ಎಡಕ್ಕೆ ತಿರುಗಿದ ಆಮೆ

ನನಗಾಗ ಮೂವತ್ತಾರು. ನಲವತ್ತು ವರ್ಷದ ಹಿಂದಿನ ಮಾತು. ಚನ್ನಪಟ್ಟಣದಲ್ಲಿ ಲೇತ್ ಮುಂದೆ ಕುಂತು ಮರದ ಬೊಂಬೆ ಕಡೆಯೋದು ನನ್ನ ಕಸುಬು. ಈಗ ನಮ್ಮೂರ ಶಾಲೆಯವರು ಒಂದು ಪುಸ್ತಕ ಮಾಡವ್ರೆ. ಶಾಲೆಗೆ ಕಂಪ್ಯೂಟರ್ ಬಂದ ಕಥೆ ಅಂತೆ. ಆ ಕಂಪ್ಯೂಟರ್ ಮೇಷ್ಟ್ರ ಫೋಟೊ ದೊಡ್ಡದಾಗಿ ಹಾಕಿ, ಎಲ್ಲ ಮಕ್ಕಳಿಗೂ ಕಲಿಸಿದ ಪುಣ್ಯಾತ್ಮ ಅಂತ ಬರೆದವ್ರೆ. ಓದಿಸಿ ಕೇಳಿದೆ. ಮೈಯೆಲ್ಲ ಉರೀತು. ಅದಕ್ಕೇ ನಾನೂ ಹೇಳಿ ಬರೆಸ್ತಾ ಇದೀನಿ.

ಆ ಕಂಪ್ಯೂಟರ್ ಅಂದ್ರೆ ಟೀವಿಗೆ ಸಿಕ್ಕಿಸೋ ಡಬ್ಬ. ಮೇಲೆ ಬಟನ್ನುಗಳು. ಟೇಪ್ ರೆಕಾರ್ಡರಲ್ಲಿ ಕ್ಯಾಸೆಟ್ ಹಾಕಿದ್ರೆ ಕೀ ಅಂತ ಅರಚಿ, ಆಮೇಲೆ ಟೀವೀಲಿ ಒಂದು ಆಮೆ ಬರೋದು. ಆಮೆ ಅಂದ್ರೆ ಮೂರು ಮೂಲೆಯ ಗೆರೆ ಅಷ್ಟೆ. ಮುಂದಕ್ಕೆ ಹೋಗು ಅಂತ ಒತ್ತಿದ್ರೆ ಗೆರೆ ಎಳೀತಾ ಹೋಗೋದು. ತಪ್ಪು ಒತ್ತಿದ್ರೆ ನಂಗೆ ಗೊತ್ತಿಲ್ಲ ಅಂತ ಅಲ್ಲೇ ಹೇಳೋದು. ಅದಕ್ಕೂ ಮುಂಚಿನ ದೊಡ್ಡ ಯಂತ್ರಕ್ಕೆ ರಟ್ಟಿನ ಚೀಟಿ ತೂತು ಮಾಡಿ ಕೊಟ್ಟು, ಉತ್ತರಕ್ಕೆ ಮಾರನೆ ದಿನದವರೆಗೆ ಕಾಯ್ಬೇಕಿತ್ತಂತೆ. ಮಕ್ಕಳು ಅದರ ಜೊತೆ ಮಾತಾಡ್ತಾ ಕಲೀಲಿ ಅಂತ ಪರದೇಶದವರು ಈ ಆಮೆ ಮಾಡಿದ್ರಂತೆ. ಇದೆಲ್ಲ ಅದೇ ಶಾಲೇಲಿ ಓದ್ತಿದ್ದ ನನ್ನ ಮಗಳು ಕಿಟಕಿಯಾಚೆ ನಿಂತು ಕೇಳ್ಕೊಂಡು ಬಂದು ಹೇಳಿದ್ದು.

ಕಿಟಕಿಯಾಚೆ ಯಾಕೆ ಅಂದ್ರೆ, ಅವಳು ನನ್ನ ಜೊತೆ ಬೊಂಬೆಗೆ ಅರಗು ಹಾಕೋಳು. ಒಳಗೆ ಹೋದ್ರೆ ಕಂಪ್ಯೂಟರ್ ಮೇಷ್ಟ್ರು ಅನ್ನಿಸ್ಕೊಂಡ ಆವಯ್ಯ, "ಏಯ್, ಅರಗು ಮೆತ್ತಿದ ಕೈ. ಬಟನ್ ಅಂಟ್ಕೊತವೆ. ಆಚೆ ನಿಂತ್ಕೊ" ಅಂತಿದ್ದ. ಯಾಕೆ ಹಿಂಗೆ ಅಂತ ಕೇಳೋಕೆ ಹೋದೆ. "ನಿನ್ ಮಗಳು ಕಂಪ್ಯೂಟರ್ ಕಲ್ತು ಬುಗುರಿ ಕಡೀಬೇಕಾ?" ಅಂತ ನಕ್ಕ. ಜೊತೆಗಿದ್ದ ಮೇಷ್ಟ್ರುಗಳೂ ನಕ್ರು. ಆ ನಗು ನನ್ನ ಹೊಟ್ಟೇಲಿ ಕುಂತ್ಕೊಂತು.

ಆಮೇಲೆ ವಿದ್ಯಾ ಇಲಾಖೆಯ ದೊಡ್ಡ ಸಾಹೇಬ್ರು ಕಂಪ್ಯೂಟರ್ ನೋಡೋಕೆ ಬರ್ತಾರೆ ಅಂತಾಯ್ತು. ಆವಯ್ಯನೇ ನನ್ನ ಬಾಗಿಲಿಗೆ ಬಂದ.

"ಏನಮ್ಮ, ಗಾಲಿ ಇರೋ ಮರದಾಮೆ ಮಾಡ್ಕೊಡು. ಟೀವಿ ಆಮೆ ನಡೆದಂಗೆ ಇದೂ ನೆಲದ ಮೇಲೆ ನಡೀಬೇಕು."

"ಆಗ್ಲಿ ಸಾ, ಚೆಂದಾಗಿ ಮಾಡ್ಕೊಡ್ತೀನಿ" ಅಂದೆ.

ಚೆಂದಾಗೇ ಮಾಡ್ದೆ. ಹಸಿರು ಅರಗು ಹಾಕಿ, ತಾಳೆಗರೀಲಿ ಉಜ್ಜಿ ಹೊಳಪು ತಂದೆ. ಎಡಗಡೆ ಗಾಲಿಗಳನ್ನ ಮಾತ್ರ ಒಸಿ ಸಣ್ಣದಾಗಿ ಕಡೆದೆ. ಅವಕ್ಕೆ ಹಳದಿ, ಬಲಗಡೆಯವಕ್ಕೆ ಕಪ್ಪು. ಹಳದಿ ಕಣ್ಣಿಗೆ ದೊಡ್ಡದಾಗಿ ಕಾಣ್ತದೆ, ಕಪ್ಪು ಸಣ್ಣದಾಗಿ, ಹಂಗಾಗಿ ಎರಡೂ ಒಂದೇ ಅಳತೆ ಅನ್ನಿಸ್ತವೆ. ತಳ್ಳಿ ನೋಡಿದ್ದಿದ್ರೆ ಆವಯ್ಯಂಗೆ ಗೊತ್ತಾಗೋದು. ತಳ್ಳಲಿಲ್ಲ. ಡಬ್ಬಕ್ಕೂ ಆಮೆಗೂ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡ್ಬುಟ್ಟ. ಪೂಜೆ ಆದದ್ದನ್ನ ಸಾಹೇಬ್ರು ಬರೋ ಮುಂಚೆ ಯಾರೂ ನೆಲಕ್ಕೆ ಇಳಿಸಬಾರದು ಅಂತ ಅಪ್ಪಣೆ ಬೇರೆ. ನಂಗೆ ಅಷ್ಟೇ ಬೇಕಿತ್ತು.

ಆ ದಿನ ನಾನೂ ಬಾಗಿಲಲ್ಲಿ ನಿಂತಿದ್ದೆ. ಟೀವಿ ಆಮೆ ನೆಟ್ಟಗೆ ಹೋಯ್ತು. ಆವಯ್ಯ ಮರದಾಮೆ ತಳ್ಳಿದ. ಅದು ಎಡಕ್ಕೆ ತಿರುಗ್ಕೊಂಡು ಹೋಗಿ ಸಾಹೇಬ್ರ ಬೂಟಿಗೆ ಗುದ್ದಿತು. "ನೆಲ ಸರಿಯಿಲ್ಲ ಸಾರ್" ಅಂತ ಮತ್ತೆ ತಳ್ಳಿದ. ಮತ್ತೂ ಬೂಟೇ.

"ಏನ್ರೀ ಮೇಷ್ಟ್ರೇ, ಕಾಲಿಗೆ ಬೀಳೋದನ್ನೂ ನೀವೇ ಕಲಿಸಿದ್ರಾ ಇದಕ್ಕೆ?" ಅಂದ್ರು ಸಾಹೇಬ್ರು. ಮಕ್ಕಳೆಲ್ಲ ಗೊಳ್ಳಂತ ನಕ್ರು.

"ಇವಳು ಮಾಡಿದ್ದು ಸಾರ್" ಅಂತ ಆವಯ್ಯ ನನ್ನ ಕಡೆ ಬೆರಳು ತೋರ್ಸಿದ.

"ಹೂಂ, ನಾನೇ. ಬೇಕಂತಲೇ ಮಾಡಿದ್ದು" ಅಂದೆ. "ನಮ್ ಕೈಲಿ ಮಾಡಿದ ಆಮೆ ಬೇಕು, ನನ್ ಮಗಳ ಕೈ ಆಗಲ್ಲ ಇವಯ್ಯಂಗೆ. ನೋಡಿ, ಕಿಟಕೀಲಿ ನಿಂತವಳೆ."

ಸಾಹೇಬ್ರು ನೋಡಿದ್ರು. "ನಾಳೆಯಿಂದ ಆ ಮಗೂನ ಕೂರಿಸಿ" ಅಂದು ಜೀಪು ಹತ್ತಿದ್ರು.

"ನನ್ನ ಮಾನ ಕಳೆದ್ಬುಟ್ಟೆಯಲ್ಲಮ್ಮ" ಅಂದ ಆವಯ್ಯ.

"ಇನ್ನೂ ಒಸಿ ಮಿಕ್ಕೈತೆ ಸಾ" ಅಂದೆ.

ಮಾರನೆ ಬೆಳಿಗ್ಗೆ ಮಗಳನ್ನ ಕರ್ಕೊಂಡು ಹೋಗಿ ಡಬ್ಬದ ಮುಂದೆ ಕೂರಿಸಿ, ಬಾಗಿಲಿಗೆ ಅಡ್ಡಲಾಗಿ ನಾನು ಕುಂತೆ. ಆವಯ್ಯ ಬಂದು, "ದಾರಿ ಬಿಡಮ್ಮ, ಪಾಠಕ್ಕೆ ಹೊತ್ತಾಯ್ತು" ಅಂದ. ನಾನು ಎಲೆ ಅಡಿಕೆ ಹಾಕ್ಕೊಂಡೆ. ಮಗಳು ಸಾಕು ಅನ್ನೋವರೆಗೂ ಏಳಲಿಲ್ಲ, ಅಲ್ಲೀವರೆಗೂ ಆವಯ್ಯ ಆಚೇನೇ ನಿಂತಿದ್ದ.