ಕುಂಬಳದ ತೊಟ್ಟಿನಲ್ಲಿ ಕುಡಿಸಿದ ಔಷಧಿ

ರತ್ನಮ್ಮನ ಹಲ್ಲು ಕಪ್ಪಾದದ್ದು ಕಬ್ಬಿಣದ ಔಷಧಿಯಿಂದ. ಹಾಗಾಗುತ್ತದೆಂದು ಗೊತ್ತಿದ್ದೂ ಬಾಯಿ ಬಿಡದೆ ಇದ್ದವಳು ನಾನು. ನಡೆದದ್ದು ಇಷ್ಟೇ.

ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ಶಿಡ್ಲಘಟ್ಟ ತಾಲ್ಲೂಕಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಆಯಾ. ಓದಿದ್ದು ಎರಡನೇ ಕ್ಲಾಸು. ರಕ್ತ ಕಡಿಮೆಯಿದ್ದ ಬಸುರಿಯರಿಗೆ ಆಗ ಐರನ್ ಮಿಕ್ಸ್ಚರ್, ಅಂದರೆ ಕಬ್ಬಿಣದ ಸತ್ವ ಬೆರೆಸಿದ ನೀರೌಷಧಿ ಕೊಡುತ್ತಿದ್ದೆವು. ಮನೆಯಿಂದ ತಂದ ಸೀಸೆಗೆ ಕಾಂಪೌಂಡರ್ ತುಂಬಿ, ಹೊತ್ತಿಗೆಷ್ಟು ಎಂದು ತಿಳಿಯಲು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಕುಡಿಯುವ ಕ್ರಮ ಹೇಳುವುದು ನನ್ನ ಕೆಲಸ. ಹಲ್ಲಿಗೆ ಕಪ್ಪು ಹತ್ತುತ್ತದೆ ಎಂದರೆ ಯಾರೂ ಕುಡಿಯುವುದಿಲ್ಲವೆಂದು ಆ ಮಾತೊಂದನ್ನು ನುಂಗಿಕೊಳ್ಳುತ್ತಿದ್ದೆ.

ರತ್ನಮ್ಮ ರೇಷ್ಮೆಹುಳು ಸಾಕುವ ಮನೆಯ ಸೊಸೆ. ಏಳು ತಿಂಗಳು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಸುಣ್ಣದಂತೆ ಬಿಳಿ. "ಹೀಗೇ ಹೆರಿಗೆಗೆ ಬಂದ್ರೆ ಉಳಿಯೋದು ಕಷ್ಟ" ಎಂದಿದ್ದರು ಡಾಕ್ಟರು. ಸೀಸೆ ತುಂಬಿಕೊಟ್ಟ ಹದಿನೈದು ದಿನಕ್ಕೆ ಅವಳ ಅತ್ತೆ ಗಂಗಮ್ಮ ಅರ್ಧ ಸೀಸೆ ಔಷಧಿ ಹಿಡಿದು ಬಂದಳು. ಹಿಂದೆ ಬಾಯಿಗೆ ಸೆರಗು ಮುಚ್ಚಿಕೊಂಡ ಸೊಸೆ.

"ನೋಡು ಆಯಮ್ಮ, ಇವಳ ಬಾಯಿ ಬಾಣಲಿ ತಳ ಆಗೈತೆ! ಕದ್ದು ಹೊಗೆಸೊಪ್ಪು ಹಾಕ್ತಾಳೆ ಅಂತ ಊರೆಲ್ಲ ಆಡ್ಕೊಂತಾರೆ. ಮೂರು ದಿನದಿಂದ ಇದನ್ನೂ ಮುಟ್ತಿಲ್ಲ."

"ಔಷಧಿ ಆದ್ಮೇಲೆ ಏನು ಕುಡೀತಿದ್ದೆ ಕಣಮ್ಮ?" ಎಂದು ರತ್ನಮ್ಮನನ್ನು ಕೇಳಿದೆ.

"ಬಾಯಿ ರುಚಿ ಹೋಗ್ಲಿ ಅಂತ ಟೀ."

ಸರಿಹೋಯಿತು. ಟೀಯ ಒಗರಿಗೆ ಕಬ್ಬಿಣ ಸೇರಿದರೆ ಮಸಿ. ನಮ್ಮಪ್ಪ ಅಳಲೆಕಾಯಿ ರಸವನ್ನು ಕಬ್ಬಿಣದ ಬಾಣಲೆಯಲ್ಲಿ ಕುದಿಸಿ ಬರೆಯುವ ಮಸಿ ಮಾಡುತ್ತಿದ್ದದ್ದು ನನಗೆ ಗೊತ್ತು.

"ಟೀ ಬೇಡ. ಹಲ್ಲಿಗೆ ತಾಗ್ದಂಗೆ ಕೊಳವೇಲಿ ಎಳ್ಕೊ. ಪರಂಗಿ ಎಲೆ ತೊಟ್ಟು ಟೊಳ್ಳಿರುತ್ತಲ್ಲ, ಅದಾದ್ರೆ ಸಾಕು" ಎಂದೆ.

ಗಂಗಮ್ಮ ಎದ್ದು ನಿಂತಳು. "ಬಸುರಿ ಬಾಯಿಗೆ ಪರಂಗಿನಾ? ಹಲ್ಲು ಕೆಡ್ಸಿದ್ದು ಸಾಲ್ದು ಅಂತ ಹೊಟ್ಟೇನೂ ಇಳಿಸ್ತೀಯಾ? ನಡಿಯೇ!" ಸೀಸೆಯನ್ನು ನನ್ನೆದುರು ಕುಕ್ಕಿ, ಸೊಸೆಯನ್ನು ಎಳೆದುಕೊಂಡು ಹೋದಳು.

ತಪ್ಪು ನನ್ನದೇ. ಬಸುರಿಗೆ ಯಾರೂ ಪರಂಗಿ ಮುಟ್ಟಿಸುವುದಿಲ್ಲ; ನಾಲ್ಕು ಹೆತ್ತ ನನಗೆ ಅದು ನೆನಪಾಗಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು, ಮೊದಲೇ ಮುಚ್ಚಿಟ್ಟದ್ದು. ಔಷಧಿ ಕೊಡುವವರು ಅದರ ಕೆಡುಕನ್ನು ಮೊದಲು ಹೇಳಬೇಕು. ಆಮೇಲೆ ಹೇಳಿದರೆ ಒಳ್ಳೆಯ ಮಾತೂ ವಿಷವೇ. ಇಪ್ಪತ್ತೆಂಟು ವರ್ಷದ ಕೆಲಸದಲ್ಲಿ ನಾನು ಕಲಿತ ಪಾಠ ಅದೊಂದೇ ಅಂದರೂ ಆದೀತು.

ಮರುದಿನ ಬೆಳಿಗ್ಗೆ ಹಿತ್ತಲಿನ ಕುಂಬಳದ ಬಳ್ಳಿಯಿಂದ ಆರು ಟೊಳ್ಳು ಎಲೆತೊಟ್ಟು ಕೊಯ್ದು, ಮುಳ್ಳು ಹೆರೆದು, ಅದೇ ಸೀಸೆ ಹಿಡಿದು ಅವರ ಮನೆಗೆ ನಡೆದೆ. ಗಂಗಮ್ಮ ಜಗುಲಿಯಲ್ಲಿದ್ದಳು.

"ಕಪ್ಪಾಗಿದ್ದು ಔಷಧೀಲೇ. ನಂಗೆ ಗೊತ್ತಿತ್ತು, ಹೇಳ್ಲಿಲ್ಲ. ನಿನ್ನ ಸೊಸೆ ಮೇಲೆ ಹೊಗೆಸೊಪ್ಪಿನ ಮಾತು ಬಿಡು" ಎಂದು, ಅವಳೆದುರೇ ಒಂದು ಹೊತ್ತಿನ ಔಷಧಿಯನ್ನು ತೊಟ್ಟಿನಲ್ಲಿ ಎಳೆದು ನುಂಗಿ, ಬಾಯಿ ಮುಕ್ಕಳಿಸಿ ಹಲ್ಲು ಕಿರಿದೆ. ಗಂಗಮ್ಮ ನನ್ನ ಗದ್ದ ಹಿಡಿದು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ, ಒಂದೊಂದೇ ನೋಡಿದಳು. ಆಮೇಲೆ ಒಳಕ್ಕೆ ಕೂಗಿದಳು: "ರತ್ನಾ, ಆ ಟೀ ಇಳಿಸ್ಬಿಟ್ಟು ಬಾರೇ!"

ಎರಡನೇ ತೊಟ್ಟನ್ನು ನಾನೇ ರತ್ನಮ್ಮನ ಬಾಯಿಗಿಟ್ಟೆ.