ಹುಲಿಯುಗುರಿಗೆ ಸೋತ ಭಾಷಣ

ಊರೆದುರು ತಾನೇ ಮಾಡಿದ ಭಾಷಣ ಅಪ್ಪಟ ಸುಳ್ಳಾಗಿರಲಿ ಎಂದು ದೇವರಲ್ಲಿ ಮೊರೆಯಿಟ್ಟ ಭಾಷಣಕಾರನನ್ನು, ವಾಚಕ ಮಹಾಶಯರೇ, ನೀವು ಎಲ್ಲಿಯಾದರೂ ಕಂಡಿದ್ದೀರಾ? ಇಲ್ಲವಾದರೆ ಈಗ ಕಾಣಿರಿ. ಇದನ್ನು ಬರೆಯುತ್ತಿರುವವನು ಅವನೇ.

ನಮ್ಮ ಆಳಂದ ಸೀಮೆಯಲ್ಲಿ ಮಳೆಗಾಲ ಮುಗಿಯುತ್ತಲೇ ಬೀಳುಹೊಲಗಳಲ್ಲಿ, ತಿಪ್ಪೆಯ ಮಗ್ಗುಲಲ್ಲಿ, ಒಂದು ಕಾಡುಗಿಡದ ಕಾಯಿ ಒಣಗಿ ಕಪ್ಪಾಗುತ್ತದೆ. ತುದಿಗೆ ಎರಡು ಬಾಗಿದ ಕೊಕ್ಕೆ. ಅದಕ್ಕೇ ಹುಲಿಯುಗುರೆಂಬ ಹೆಸರು. ದಾರಿಹೋಕರ ಧೋತರ ಹಿಡಿದು ನಿಲ್ಲಿಸುವುದರಲ್ಲಿ ಅದು ನನಗಿಂತ ಸಮರ್ಥ. ಅದು ಸಮುದ್ರದಾಚೆಯಿಂದ ಬಂದ ಕಳೆಯೆಂದು ಕಾಲೇಜಿನ ಪುಸ್ತಕವೊಂದರಲ್ಲಿ ಓದಿದ್ದೆ. ಕಳೆದ ವರ್ಷ ದೇಶವೆಲ್ಲ ಸ್ವತಂತ್ರವಾಗಿ ನಾವು ಮಾತ್ರ ನಿಜಾಮರ ಆಳಿಕೆಯಲ್ಲೇ ಉಳಿದಿದ್ದಾಗ, ರಾಜಕೀಯ ನುಡಿದರೆ ಸೆರೆಮನೆಯಾದ್ದರಿಂದ, ನನ್ನ ದೇಶಪ್ರೇಮವೆಲ್ಲ ಈ ಬಡ ಗಿಡದ ಮೇಲೆ ಹರಿಯಿತು. ಗಿಡ ವಿದೇಶಿ, ಆದ್ದರಿಂದ ಬೀಜ ವಿಷ ಎಂದು ಊರೂರು ಸಾರಿದೆ. ಎರಡೂ ‘ವಿ’ಕಾರದಿಂದ ಮೊದಲಾಗುವುದರ ಹೊರತು ನನ್ನಲ್ಲಿ ಬೇರೆ ಪುರಾವೆಯಿರಲಿಲ್ಲ, ಚರ್ಚಾಕೂಟಗಳಲ್ಲಿ ಪ್ರಾಸವನ್ನೇ ಪ್ರಮಾಣವೆಂದು ಒಪ್ಪಿಸಿ ಬಹುಮಾನ ಗೆದ್ದವನಿಗೆ ಅಷ್ಟು ಸಾಕಾಗಿತ್ತು.

ಮಾದನಹಿಪ್ಪರಗಾದಲ್ಲಿ ಈ ಭಾಷಣ ಮಾಡಿ ಹದಿನೈದು ದಿನದ ಮೇಲೆ ಮತ್ತೆ ಅದೇ ಊರಿಗೆ ಭಾಷಣಕ್ಕೆ ಹೋದೆ. ಸಭೆಯ ನಡುವೆ ಹುಸೇನಬಿ ಎಂಬ ಮುದುಕಿ ಎದ್ದು ನಿಂತಳು. ಆ ಕಾಯಿಗಳನ್ನು ಆಯ್ದು, ಕಲ್ಲಿನಿಂದ ಜಜ್ಜಿ, ಬೀಜ ತೆಗೆದು ಮನೆಮನೆಗೆ ಒಯ್ಯುವುದು ಅವಳ ಕೆಲಸ. ಹೆಂಗಸರು ಅದನ್ನು ಹುರಿದು ಕುಟ್ಟಿ ರೊಟ್ಟಿಗೆ ಹಿಂಡಿ, ಅಂದರೆ ಚಟ್ನಿಪುಡಿ, ಮಾಡಿಕೊಂಡು, ಬದಲಿಗೆ ಬೊಗಸೆ ಜೋಳ ಹಾಕುತ್ತಿದ್ದರು. ನನ್ನ ಭಾಷಣದ ಮರುದಿನದಿಂದ ಒಬ್ಬರೂ ಹಾಕಿರಲಿಲ್ಲ. ಮನೆಯಲ್ಲಿ ಹೆತ್ತು ವಾರವಾದ ಮಗಳಿದ್ದಳು, ಒಲೆಯ ಮೇಲೆ ಬರೀ ನೀರಿತ್ತು. ಇದನ್ನೆಲ್ಲ ಹೇಳಿ ಅವಳು ಒಂದು ಹಿಡಿ ಬಿಳಿ ಬೀಜವನ್ನು ನನ್ನ ಮುಂದೆ ಚಾಚಿದಳು.

“ತಿಂದು ತೋರಸ್ರಿ ಮಾಸ್ತರ. ಸತ್ರ ನೀವು ಗೆದ್ದಂಗ, ಬದುಕಿದ್ರ ನಾ ಗೆದ್ದಂಗ.”

ಗೆಲ್ಲಲು ಸಾಯಲೇಬೇಕಾದ ಚರ್ಚೆಗೆ ನನ್ನ ಕಾಲೇಜು ನನ್ನನ್ನು ಸಿದ್ಧಗೊಳಿಸಿರಲಿಲ್ಲ. ತಿಂದೆ. ಒಣಕೊಬ್ಬರಿಯಂತಿತ್ತು, ಆ ರುಚಿಯೇ ನನ್ನ ಹೆದರಿಕೆಯನ್ನು ಇಮ್ಮಡಿಸಿತು. ವಾದಕ್ಕೆಂದು ಬಂದವನು ಬೇವಿನ ಬುಡದಲ್ಲಿ ಕುಳಿತು, ನನ್ನ ಮಾತು ಸುಳ್ಳಾಗಲೆಂದು ದೇವರಿಗೆ ಮೊರೆಯಿಡುತ್ತ, ವಾಂತಿಗಾಗಿ ಕಾದೆ. ಸಭೆಯೂ ಚದುರದೆ ಕಾದಿತು. ಅಷ್ಟರಲ್ಲಿ ಒಬ್ಬ ರೈತ ಪಕ್ಕದವನಿಗೆ ಕಳವಳದಿಂದ ಹೇಳಿದ್ದು ಕೇಳಿಸಿತು: “ಮಾಸ್ತರು ಬಾಯಿ ಮುಚ್ಯಾರಲ್ಲೋ, ವಿಷ ಏರಾಕತ್ತಿರಬೇಕು.”

ಹೊತ್ತು ಇಳಿಯಿತು. ಏರಿದ್ದು ಹಸಿವೆಯೊಂದೇ. ನಾನು ಎದ್ದು ನಿಂತು, ನನ್ನ ಜೀವನದ ಅತ್ಯಂತ ಚಿಕ್ಕ ಭಾಷಣ ಮಾಡಿದೆ: “ನಾ ಹೇಳಿದ್ದು ಸುಳ್ಳರಿ.” ಸೋಲು ಇಷ್ಟು ಹಗುರವಾಗಿರುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ. ಹುಸೇನಬಿ ಗೆದ್ದವಳಂತೆ ನಗಲಿಲ್ಲ. ನೆಲಕ್ಕೆ ಕೈಯೂರಿ ಕುಳಿತು ದೀರ್ಘವಾಗಿ ಉಸಿರುಬಿಟ್ಟಳು. ಹೆಂಗಸೊಬ್ಬಳು ಮನೆಗೆ ಹೋಗಿ ಜೋಳ ತಂದು ಅವಳ ಸೆರಗಿಗೆ ಸುರಿದಾಗ, ಆಕೆ ಬೀಜ ಅಳೆದುಕೊಡುವುದನ್ನೂ ಮರೆತು ಮಗಳಿದ್ದ ಮನೆಯತ್ತ ಓಡಿದಳು.

ಬೀಜ ವಿಷವೆಂಬ ಆ ಹಳೆಯ ಭಾಷಣವನ್ನು ನಾನು ಅಫಜಲಪುರದಲ್ಲಿ ಎರಡು ಸಲ, ಜೇವರ್ಗಿಯಲ್ಲಿ ಒಂದು ಸಲ ಮಾಡಿದ್ದೇನೆ. ಅಲ್ಲಿ ನನ್ನೆದುರು ಯಾವ ಮುದುಕಿಯೂ ಏಳಲಿಲ್ಲ. ಅಂಥವರಿರಲಿಲ್ಲವೆಂದು ಅದರ ಅರ್ಥವಲ್ಲ. ಅಲ್ಲಿ ನನ್ನ ಮಾತು ಕೇಳಿ ಚಪ್ಪಾಳೆ ತಟ್ಟಿದವರು ದಯವಿಟ್ಟು ಅದನ್ನು ಮರೆತುಬಿಡಿ, ಮತ್ತು ಅಂಥ ಬೀಜದವಳು ಈ ಹಂಗಾಮಿನಲ್ಲಿ ಬಾಗಿಲಿಗೆ ಬಂದರೆ ಒಂದು ಬೊಗಸೆ ಜೋಳ ಹಾಕಿ.